ಉಪವಾಸದ ಡೇರೆಯಲ್ಲಿ ನಿಜ ಹೇಳಿದ ವೈಜಿನಾಥ

ವೈಜಿನಾಥನು ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದನು. ಜಾಲರಿಯ ಹಿಂದೆ ಕುಳಿತು, ಯಾವ ಬಸ್ಸು ಯಾವ ಕಟ್ಟೆಗೆ ಬರುವುದೆಂದು ಮೈಕಿನಲ್ಲಿ ಹೇಳುವುದು ಅವನ ಕೆಲಸ. ಬೀದರಿನ ಬಸ್ಸಾದರೆ ತೆಲುಗು, ಉರ್ದು, ಕನ್ನಡ ಮೂರರಲ್ಲಿಯೂ ಹೇಳುತ್ತಿದ್ದನು. ಹದಿಮೂರು ವರ್ಷಗಳಲ್ಲಿ ಆ ಮಾತುಗಳ ಕ್ರಮ ಒಮ್ಮೆಯೂ ಬದಲಾಗಲಿಲ್ಲ. ತಾಂಡೂರಿನ ಬಸ್ಸು ನಾಲ್ಕು ನಿಮಿಷ ತಡವಾದರೆ ‘ನಾಲ್ಕು ನಿಮಿಷ ತಡ’ ಎಂದೇ ಹೇಳುವನು. ‘ಸ್ವಲ್ಪ ತಡ’ ಎಂಬ ಮಾತು ಅವನ ಬಾಯಿಗೆ ಬಂದುದಿಲ್ಲ.

ಅದೇ ಮನುಷ್ಯ ಮನೆಯಲ್ಲಿ ಹಾಲನ್ನು ಒಲೆಯ ಮೇಲಿಟ್ಟು, ಸಕ್ಕರೆ ತರಲು ಹೊರಟವನು, ಹೆದ್ದಾರಿಯಲ್ಲಿ ಕಬ್ಬಿನ ಲಾರಿಗಳನ್ನು ಎಣಿಸುತ್ತ ಎರಡು ಗಂಟೆ ನಿಂತುಬಿಡುತ್ತಿದ್ದನು. ಮೂರು ಸೈಕಲ್ ಕಳೆದನು. ಕದ್ದವರು ಯಾರೂ ಇಲ್ಲ, ಎಲ್ಲಿ ನಿಲ್ಲಿಸಿದೆನೆಂಬುದು ಅವನಿಗೇ ನೆನಪಿಲ್ಲ. ಓಣಿಯವರು ಅವನನ್ನು ದಿಮಾಕಿನವನೆಂದರು, ಮಾವನ ಮನೆಯವರು ಮೈಗಳ್ಳನೆಂದರು.

ಅವನು ನನ್ನ ಶಿಷ್ಯ. ತನ್ನ ಹಳ್ಳಿ ಕಲ್ಹೇರಿನಿಂದ ನಾರಾಯಣಖೇಡಕ್ಕೆ ಬಂದು, ನಾನು ಕನ್ನಡ ಮತ್ತು ಗಣಿತ ಹೇಳಿಕೊಡುತ್ತಿದ್ದ ಶಾಲೆಯಲ್ಲಿ ಮೂರು ವರ್ಷ ಓದಿದನು. ಹದಿನೇಳರ ಮಗ್ಗಿಯನ್ನು ಹಿಂದುಮುಂದಾಗಿ ಹೇಳುತ್ತಿದ್ದನು, ಆದರೆ ಮುಖ ನೋಡಿ ಮಾತನಾಡುತ್ತಿರಲಿಲ್ಲ. ನನ್ನ ಅಂಗಿಯ ಗುಂಡಿಗಳನ್ನು ನೋಡುತ್ತ ಉತ್ತರ ಕೊಡುವನು. ‘ಕಣ್ಣೆತ್ತಿ ನೋಡೋ’ ಎಂದು ನಾನು ಅವನ ಗದ್ದವನ್ನು ಅಳತೆಪಟ್ಟಿಯಿಂದ ಎತ್ತಿದ್ದುಂಟು, ಅದೇ ಪಟ್ಟಿಯಿಂದ ಹೊಡೆದದ್ದೂ ಉಂಟು. ಅವನ ಪ್ರಗತಿಪತ್ರದಲ್ಲಿ ‘ಬುದ್ಧಿಯಿದೆ, ಅಹಂಕಾರವೂ ಇದೆ’ ಎಂದು ಬರೆದವನು ನಾನೇ.

ಎರಡು ಸಾವಿರದ ಹತ್ತರಲ್ಲಿ, ಅವನಿಗೆ ನಲವತ್ತೆರಡು ತುಂಬಿದ್ದಾಗ, ಹೈದರಾಬಾದಿನಲ್ಲಿ ಒಂದು ಸಂಗತಿ ನಡೆಯಿತು. ಅವನ ಹೆಂಡತಿ ರಂಜನಾ ತಾಂಡೂರಿನ ಹೆಣ್ಣುಮಗಳು. ಆಕೆಯ ತಂಗಿಯ ಮಗ ಮಾತು ಕಡಿಮೆ ಆಡುತ್ತಾನೆಂದು ವೈದ್ಯರಿಗೆ ತೋರಿಸಲು ಎಲ್ಲರೂ ಕೂಡಿ ಹೋಗಿದ್ದರು. ‘ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆಯೇ? ದಾರಿ ಬದಲಾದರೆ ಅಳುತ್ತಾನೆಯೇ?’ ಎಂದು ವೈದ್ಯರು ಕೇಳುತ್ತಿದ್ದರೆ, ಮೂಲೆಯ ಕುರ್ಚಿಯಿಂದ ವೈಜಿನಾಥನು ಒಂದೊಂದಕ್ಕೂ ‘ಹೌದ್ರಿ’ ಎನ್ನುತ್ತಿದ್ದನು. ವೈದ್ಯರು ಲೇಖನಿ ಕೆಳಗಿಟ್ಟು ಅವನ ಕಡೆಗೆ ತಿರುಗಿದರು. ಮುಂದೆ ಮೂರು ಬಾರಿ ಅವನನ್ನೇ ಕರೆಸಿ ಪರೀಕ್ಷಿಸಿ, ಆಟಿಸಂ ಮತ್ತು ಎಡಿಎಚ್‌ಡಿ ಎರಡರ ಲಕ್ಷಣಗಳೂ ಹುಟ್ಟಿನಿಂದಲೇ ಇವೆ ಎಂದು ಬರೆದುಕೊಟ್ಟರು. ಇದು ಹುಚ್ಚಲ್ಲ, ಮಿದುಳು ಕೆಲಸ ಮಾಡುವ ರೀತಿ ಬೇರೆ ಎಂದು ಬಿಡಿಸಿ ಹೇಳಿದರು.

ಆ ಕಾಗದವನ್ನು ಅವನು ಮೊದಲು ತಂದು ತೋರಿಸಿದ್ದು, ನಿವೃತ್ತನಾಗಿ ಜಹೀರಾಬಾದಿನಲ್ಲಿಯೇ ನೆಲೆಸಿದ್ದ ನನಗೆ.

“ಹಂಗಾದ್ರ ನಾ ಮೈಗಳ್ಳ ಅಲ್ರಿ ಸರ್?” ಎಂದು ನನ್ನ ಗುಂಡಿಗಳನ್ನು ನೋಡುತ್ತ ಕೇಳಿದನು.

“ಅಲ್ಲಪ್ಪ” ಎಂದೆ.

ರಂಜನಾ ಅಂದಿನಿಂದ ಬೈಯುವುದನ್ನು ಬಿಟ್ಟಳು. ಒಂದು ಸಲಕ್ಕೆ ಒಂದೇ ಕೆಲಸ ಹೇಳುವಳು. ಬಾಗಿಲಿನ ಹಿಂದೆ ಪಟ್ಟಿ ಅಂಟಿಸಿದಳು. ಅವನು ಕೆಲಸಕ್ಕೆ ಹೊರಡುವಾಗ ಜೇಬಿನಲ್ಲಿ ಹತ್ತಿ ಇಡುವಳು. ಗದ್ದಲ ಹೆಚ್ಚಾದರೆ ಕಿವಿಗೆ ತುರುಕಿಕೊಳ್ಳಲೆಂದು. ಆದರೆ ಕಾಗದವನ್ನು ಮಾತ್ರ ಸೀರೆಗಳ ಅಡಿಯಲ್ಲಿ ಹೂತಿಟ್ಟಳು. ಕಣ್ಣಿನ ದೋಷವೆಂದು ಒಬ್ಬ ಚಾಲಕನಿಗೆ ಅನ್‌ಫಿಟ್ ಎಂದು ಬರೆದು ಮನೆಗೆ ಕಳುಹಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು.

“ಸರ್, ಇದು ಹೊರಗ ಬಿದ್ರ ಅವರಿಗಿ ಪಾಗಲ್ ಅಂತಾರ. ನೌಕರಿ ಹೋತಂದ್ರ ನಾವ್ ಎಲ್ಲಿಗಿ ಹೋಗಬೇಕ್ರಿ? ನಿಮ್ಮ ಕಾಲ ಬೀಳ್ತೀನಿ, ಯಾರ ಮುಂದೂ ಆಡಬ್ಯಾಡ್ರಿ.”

ನಾನು ಮಾತು ಕೊಟ್ಟೆನು. ಕಾಗದದ ಗುಟ್ಟು ಮೂವರಲ್ಲಿ ಉಳಿಯಿತು. ಅಂದಿನಿಂದ ನಿಲ್ದಾಣದ ಕಡೆಯಿಂದ ಯಾರು ಬಂದರೂ ರಂಜನಾಳ ಮುಖ ಬಿಳಿಚಿಕೊಳ್ಳುತ್ತಿತ್ತು.

ಮರುವರ್ಷ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಎಲ್ಲ ನೌಕರರೂ ಕೆಲಸ ನಿಲ್ಲಿಸಿದರು. ಬಸ್ಸುಗಳು ಡಿಪೋದಲ್ಲಿ ನಿಂತವು. ಹೆದ್ದಾರಿಯ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿ ಉಂಡು, ರಸ್ತೆ ತಡೆದರು. ನಿಲ್ದಾಣದ ಎದುರಿಗೆ ಡೇರೆ ಹಾಕಿ ಸರದಿ ಉಪವಾಸ ಆರಂಭಿಸಿದರು. ದಿನಕ್ಕೆ ಆರು ಜನ ಹಾರ ಹಾಕಿಕೊಂಡು ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಕೂರಬೇಕು. ಐದಕ್ಕೆ ಊರಿನ ಹಿರಿಯರೊಬ್ಬರು ನಿಂಬೆಹಣ್ಣಿನ ಪಾನಕ ಕುಡಿಸಿ ಎಬ್ಬಿಸಬೇಕು.

ನೌಕರರ ಮುಂದಾಳು ಖಂಡೆಪ್ಪನು ವೈಜಿನಾಥನ ಹೆಸರನ್ನು ಬುಧವಾರದ ಸರದಿಗೆ ಬರೆದನು. ರಂಜನಾ ಬೇಡವೆಂದಳು. “ಡೇರೆದಾಗ ಲೌಡ್‌ಸ್ಪೀಕರ್ ಬಾಜೂಕ ಏಳು ಗಂಟೆ ಹ್ಯಾಂಗ್ ಕುಂದರತಾರ್ರೀ? ತಲಿ ಒಡದಂಗ ಆಗ್ತದ ಅವರಿಗಿ.” ಕೂರದಿದ್ದರೆ ಸಂಶಯ ಬರುವುದೆಂದು, ಒಂದೇ ದಿನವಲ್ಲವೇ ಎಂದು ಒಪ್ಪಿಸಿದವನು ನಾನು. ಆ ದಿನ ಪಾನಕ ಕುಡಿಸಲು ನನ್ನನ್ನೇ ಕರೆದಿದ್ದರು.

ಐದಕ್ಕೆ ನಾನು ಹೋದಾಗ ಅವನು ಕಿವಿಯಲ್ಲಿ ಹತ್ತಿಯಿಟ್ಟುಕೊಂಡು, ಬೆವರಿನಿಂದ ತೊಯ್ದು, ಗೋಣು ಬಗ್ಗಿಸಿ ಕುಳಿತಿದ್ದನು. ನಾನು ಅವನ ಕೈಗೆ ಲೋಟ ಕೊಟ್ಟೆನು. ಪತ್ರಿಕೆಗೆ ಸುದ್ದಿ ಕಳುಹಿಸುವ ಆತ್ಮಾರಾಮನು ಒಬ್ಬೊಬ್ಬರನ್ನೂ ಮಾತನಾಡಿಸುತ್ತ ಬಂದು ಕೇಳಿದನು:

“ಏನ್ ವೈಜಿನಾಥ, ಆರು ಮಂದಿಗಿ ಭಾಳ ಹಸಿವಿ ಆಗ್ಯಾದೇನು?”

“ನನಗೊಬ್ಬನಿಗೇ ಆಗ್ಯಾದ. ಉಳಿದ ಐದು ಮಂದಿ ಹನ್ನೊಂದು ನಲವತ್ತಕ್ಕ ಚಹಾ ಕುಡದ್ರು. ಒಂದು ಇಪ್ಪತ್ತಕ್ಕ ಪರದೆ ಹಿಂದ ಮಿರ್ಚಿ ಭಜಿ ತಿಂದ್ರು. ನಂಗೂ ಬಾ ಅಂದ್ರು. ಉಪವಾಸ ಅದ ಅಂತ ನಾ ಹೋಗಲಿಲ್ಲ.”

ಉಪವಾಸದ ಡೇರೆಯ ಹಿಂದೆ ಒಂದಿಷ್ಟು ಚಹಾ ನಡೆಯುತ್ತದೆಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಗೊತ್ತಿದ್ದುದರಿಂದಲೇ ಯಾರೂ ಆಡದ ಮಾತು. ಆತ್ಮಾರಾಮನು ನಗುತ್ತ ಬರೆದುಕೊಂಡನು. ಮರುದಿನ ಅದು ಜಿಲ್ಲೆಯ ಪುಟದಲ್ಲಿ ಗಂಟೆ ನಿಮಿಷಗಳ ಸಮೇತ ಅಚ್ಚಾಯಿತು.

ಮಧ್ಯಾಹ್ನದ ಹೊತ್ತಿಗೆ ರಂಜನಾ ಚಪ್ಪಲಿಯಿಲ್ಲದೆ ನನ್ನ ಮನೆಗೆ ಓಡಿಬಂದಳು.

“ಸರ್, ಮನಿ ಮುಂದ ಇಪ್ಪತ್ತ ಮಂದಿ ನಿಂತಾರ. ಗದ್ದಾರ್, ದ್ರೋಹಿ, ಹೊರಗ ಬಾ ಅಂತ ಒದರಲಾಕತ್ತಾರ. ಗೇಟಿಗಿ ಚಪ್ಪಲಿ ಹಾರ ಹಾಕ್ಯಾರ. ಕಲ್ಲ ಬಿದ್ದು ಕಿಡಕಿ ಗಾಜ ಒಡದಾದ. ಅವರು ಬಚ್ಚಲದಾಗ ಕಿವಿ ಮುಚ್ಚಗೊಂಡು ಕುಂತಾರ್ರೀ, ಹೊರಗ ಬರವಲ್ರು.” ಸೆರಗಿನೊಳಗಿನಿಂದ ಆ ಕಾಗದವನ್ನು ತೆಗೆದಳು. “ಇದನ್ನ ಖಂಡೆಪ್ಪಗ ತೋರಿಸ್ರಿ. ಇಲ್ಲ, ಬ್ಯಾಡ್ರಿ. ತೋರಿಸಿದ್ರ ನೌಕರಿ ಹೋಗ್ತದ, ತೋರಿಸದಿದ್ರ ಜೀವ. ನಂಗ ಏನೂ ತಿಳಿವಲ್ದು.”

ನಾನು ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಡೇರೆಗೆ ಹೋದೆನು. ದಾರಿಯಲ್ಲಿ ಟೈರು ಉರಿಯುತ್ತಿತ್ತು. ಮೂವತ್ತೈದು ವರ್ಷ ಮಕ್ಕಳನ್ನು ಹೆದರಿಸಿದ ನಾನು ಅಂದು ಹೊಗೆಯ ಬದಿಯಿಂದ ಅಂಜುತ್ತ ದಾಟಿದೆನು.

“ಬರ್ರಿ ಮಾಸ್ತರ” ಎಂದನು ಖಂಡೆಪ್ಪ. “ನಿಮ್ಮ ಚೇಲಾ ನಮ್ಮ ಮಾರಿಗಿ ಛೊಲೋ ಮಸಿ ಬಳದಾನ. ಯಾರ ಕಡಿ ಮನಶ್ಯಾ ಅಂವ? ಹುಡುಗೂರು ಗರಂ ಆಗ್ಯಾರ, ನನ್ನ ಮಾತೂ ಕೇಳವಲ್ರು.”

“ಅವನು ಯಾರ ಕಡೆಯವನೂ ಅಲ್ಲ ಖಂಡೆಪ್ಪ. ನಾಲ್ಕು ನಿಮಿಷ ತಡವಾದರೆ ನಾಲ್ಕು ನಿಮಿಷ ಎನ್ನುವ ಮನುಷ್ಯ.”

“ಹಂಗಾದ್ರ ಭಜಿ ಎಷ್ಟು ತಿಂದೀವಂತ ಲೆಕ್ಕಾನೂ ಇಟ್ಟಾನೋ ಏನೋ!” ಎಂದು ಹಿಂದಿನಿಂದ ಒಬ್ಬನು ಕೂಗಿದನು. ಯಾರೂ ನಗಲಿಲ್ಲ.

ನನ್ನ ಕೈ ಜೇಬಿಗೆ ಹೋಯಿತು, ಹಿಂದಕ್ಕೆ ಬಂದಿತು. ಕೊಟ್ಟ ಮಾತು ಒಂದು ಕಡೆ. ಅವನ ಮನೆಯ ಮುಂದಿನ ಕೂಗು ಇನ್ನೊಂದು ಕಡೆ. ನಾನು ಹೀಗೆ ಅನುಮಾನಿಸುತ್ತಿರುವಾಗಲೇ ಗುಂಪು ಸೀಳಿತು. ಬಚ್ಚಲು ಬಿಟ್ಟು ವೈಜಿನಾಥನೇ ಬರುತ್ತಿದ್ದನು. ಕಿವಿಯಲ್ಲಿ ಹತ್ತಿ, ಮೈಮೇಲೆ ಕೆಲಸದ ಖಾಕಿ ಅಂಗಿ. ಮನೆಯಿಂದಲೇ ಅವನ ಬೆನ್ನುಹತ್ತಿದವರು ಹಿಂದೆ ಬರುತ್ತಿದ್ದರು. ಒಬ್ಬನ ಕೈಯಲ್ಲಿ ಬಡಿಗೆಯಿತ್ತು. ವೈಜಿನಾಥನು ಖಂಡೆಪ್ಪನ ಎದುರಿಗೆ ನಿಂತು, ಅವನ ಅಂಗಿಯ ಗುಂಡಿಗಳನ್ನು ನೋಡುತ್ತ, ಮೈಕಿನಲ್ಲಿ ಹೇಳುವ ಧ್ವನಿಯಲ್ಲಿ ಹೇಳಿದನು:

“ನನಗ ಆಟಿಸಂ ಅದ. ಎಡಿಎಚ್‌ಡಿ ಭೀ ಅದ. ಹೋದ ವರ್ಷ ಡಾಕ್ಟರ್ ಬರದು ಕೊಟ್ಟಾರ. ಭಜಿ ಮಾತು ಹೇಳಬಾರದು ಅಂತ ಯಾರೂ ನನಗ ಹೇಳಿರಲಿಲ್ಲ. ಹೇಳಿದ್ರ ನಾ ಸುಮ್ನಿರ್ತಿದ್ದೆ. ನಂಗೂ ತೆಲಂಗಾಣ ಬೇಕು. ಕಲ್ಲ ಒಗಿಬ್ಯಾಡ್ರಿ, ಆ ಸಪ್ಪಳ ನಂಗ ತಾಳಾಕ ಆಗಲ್ಲ.”

“ಆಟೋ ಗೊತ್ತದ, ಆಟಿಸಂ ಯಾವ ಗಾಡಿ ಭಾಯಿ?” ಎಂದು ಯಾರೋ ಅಂದರು. ಈ ಬಾರಿ ನಾಲ್ಕಾರು ಜನ ನಕ್ಕರು. ಬಡಿಗೆಯವನು ಅದನ್ನು ನೆಲಕ್ಕೂರಿದನು.

ನಾನು ಕಾಗದವನ್ನು ಖಂಡೆಪ್ಪನ ಕೈಗಿತ್ತೆನು. ಅವನು ಓದಿದನು, ಮತ್ತೆ ಮೊದಲಿನಿಂದ ಓದಿದನು. ಮುಖದ ಸಿಟ್ಟು ಇಳಿದು, ಅಲ್ಲಿ ಕನಿಕರ ಮೂಡಿತು. “ಬಿಡ್ರೋ, ಪಾಪ. ದಿಮಾಕ್ ಸರಿ ಇಲ್ಲಂತ ಇವನಿಗಿ. ಯಾರೂ ಕೈ ಹಚ್ಚಬ್ಯಾಡ್ರಿ” ಎಂದನು. ಆಮೇಲೆ ನನ್ನ ಕಡೆಗೆ ಬಾಗಿ, ನಿಜವಾಗಿಯೂ ಆತಂಕದಿಂದ ಕೇಳಿದನು: “ಆದ್ರ ಮಾಸ್ತರ, ಇಂಥವನ ಕೈಯಾಗ ಮೈಕ್ ಯಾಕ ಕೊಟ್ಟಾರ? ನಾಳೆ ಏನರೆ ಹೆಚ್ಚುಕಡಿಮಿ ಆದ್ರ?”

ಹದಿಮೂರು ವರ್ಷ ಯಾವ ಹೆಚ್ಚುಕಡಿಮೆಯೂ ಆಗಲಿಲ್ಲವಲ್ಲ ಎಂದೆನು. ಅವನು ತಲೆಯಾಡಿಸಿದನು, ಆದರೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಆ ಕನಿಕರವನ್ನು ಕಂಡು ನನಗೆ ಕಲ್ಲಿಗಿಂತ ಹೆಚ್ಚು ಭಯವಾಯಿತು.

ಮುಷ್ಕರ ಮುಗಿದು ಬಸ್ಸುಗಳು ಓಡಿದವು. ಖಂಡೆಪ್ಪನು ದೂರು ಕೊಡಲಿಲ್ಲ, ಬೇರೆ ಯಾರು ಕೊಟ್ಟರೋ ತಿಳಿಯದು. ಬಾಯಿಂದ ಬಾಯಿಗೆ ಹೋದ ಮಾತಿಗೆ ಅರ್ಜಿ ಬೇಕಾಗುವುದಿಲ್ಲ. ನವೆಂಬರಿನಲ್ಲಿ ವೈದ್ಯಕೀಯ ಪರೀಕ್ಷೆಗೆ ಹಾಜರಾಗಬೇಕೆಂದು ಪತ್ರ ಬಂದಿತು. ಹೋಗಿಬರುವವರೆಗಿನ ಹದಿನೆಂಟು ದಿನ ರಂಜನಾ ಸರಿಯಾಗಿ ಉಣ್ಣಲಿಲ್ಲ. ಅವನು ಮಾತ್ರ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಅಲ್ಲಿ ಏನ್ ಕೇಳ್ತಾರ್ರೀ?” ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದಾಗಲೆಲ್ಲ ಅವನ ಬೆರಳುಗಳು ಅಂಗಿಯ ಅಂಚನ್ನು ಬಿಡಿಸತೊಡಗುತ್ತಿದ್ದವು. ಖಾಕಿ ಅಂಗಿಯ ಒಂದು ಅಂಚು ಪೂರ್ತಿ ಬಿಚ್ಚಿಹೋಯಿತು.

ಆದೇಶ ಬಂದಿತು. ನೌಕರಿ ಉಳಿಯಿತು. ಆದರೆ ಮೈಕಿನ ಕೆಲಸ ಬೇಡ. ಸಣ್ಣ ನಿಲ್ದಾಣವಾದ ನಾರಾಯಣಖೇಡದಲ್ಲಿ ವಿಚಾರಣೆಯ ಕಿಟಕಿಗೆ ಕೂರಬೇಕು. ನೆರೆಯವರು ‘ಸಲೀಸು ಕೆಲಸ ಸಿಕ್ಕಿತು’ ಎಂದರು. ರಂಜನಾ ಒಲೆಯ ಮುಂದೆ ಕುಳಿತು ಅತ್ತಳು. ಹದಿಮೂರು ವರ್ಷಗಳ ವೇಳಾಪಟ್ಟಿಯನ್ನು ಒಂದು ಸಹಿಯಲ್ಲಿ ಅಳಿಸಿದ್ದರು. ಅವನ ಕಾಲ ಕೆಳಗಿನ ನೆಲ ಅದೇ ಆಗಿತ್ತೆಂಬುದು ಆಕೆಗೆ ಗೊತ್ತಿತ್ತು.

ಜನವರಿಯ ಮೊದಲ ಸೋಮವಾರ ನಾನೂ ಅವನ ಜೊತೆಗೆ ಹೋದೆನು. ಹಳೆಯ ಗುಮಾಸ್ತನು ರಜೆ ಹಾಕಿದ್ದನು, ವೇಳಾಪಟ್ಟಿಯ ಪುಸ್ತಕ ಅವನ ಬೀರುವಿನಲ್ಲಿತ್ತು, ಬೀಗದ ಕೈ ಅವನ ಬಳಿಯಿತ್ತು. ವೈಜಿನಾಥನು ಖಾಲಿ ಮೇಜಿನ ಮುಂದೆ ಕುಳಿತು ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡನು. ಉಸಿರು ಮೇಲೆಮೇಲೆ ಬರುತ್ತಿತ್ತು. ಎದ್ದು ಓಡಿಯೇ ಹೋಗುವನೆಂದು ನಾನು ಬಾಗಿಲಲ್ಲಿ ನಿಂತೆನು.

ಕಿಟಕಿಗೆ ಮೊದಲು ಬಂದವಳು ಬುಟ್ಟಿ ಹೊತ್ತ ಒಬ್ಬ ಮುದುಕಿ. ಲಚ್ಚಮ್ಮನೆಂದು ಆಮೇಲೆ ತಿಳಿಯಿತು.

“ತಾಂಡೂರ ಬಸ್ ಎಷ್ಟಕ್ಕದ ಬಾಬಾ?”

“ನನಗ ಗೊತ್ತಿಲ್ಲ.”

“ಗೊತ್ತಿಲ್ಲಂದ್ರ ಇಲ್ಲಿ ಯಾಕ ಕುಂತಿ? ಪಗಾರ ಹಾಳಾ?”

“ಇವತ್ತ ನನ್ನ ಮೊದಲನೇ ದಿನ ಅದ, ಅವ್ವ. ಪುಸ್ತಕ ಕೀಲಿದಾಗ ಅದ. ನನಗ ಭಾಳ ಅಂಜಿಕಿ ಬರಾಕತ್ತದ.”

ತನಗೆ ಅಂಜಿಕೆಯಾಗುತ್ತಿದೆಯೆಂದು ಅವನು ಬಾಯಿಬಿಟ್ಟು ಹೇಳಿದುದನ್ನು ನಾನು ಅದೇ ಮೊದಲು ಕೇಳಿದೆನು. ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬುಟ್ಟಿಯನ್ನು ಇಳಿಸಿ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಳು.

“ಅಂಜಿಕಿ ಬಂದ್ರ ಬರ್ಲಿ ಬಿಡು. ನಾನೂ ಇಲ್ಲೇ ಕುಂದರತೀನಿ. ಬಸ್ ಬಂದಾಗ ಇಬ್ಬರಿಗೂ ಗೊತ್ತಾಗ್ತದ.”

ವೈಜಿನಾಥನು ತೊಡೆಯಡಿಯಿಂದ ಒಂದು ಕೈ ತೆಗೆದನು. ಜೇಬಿನ ಪೆನ್ನು ಹುಡುಕಿ, ಎದುರಿಗೆ ಸಿಕ್ಕ ಹಾಳೆಯ ಮೇಲೆ ‘ತಾಂಡೂರು’ ಎಂದು ಬರೆದು, ಮುಂದಿನ ಜಾಗ ಖಾಲಿ ಬಿಟ್ಟು, ಗೋಡೆಯ ಗಡಿಯಾರವನ್ನು ನೋಡುತ್ತ ಕುಳಿತನು.