ಪಾರಿವಾಳದ ಸೂಪು ಕಾಯಿಸಿದ ಚಳಿಗಾಲ

ಆ ದಿನಗಳಲ್ಲಿ ದುಬೈಯ ಅಲ್ ಮುರಕ್ಕಬಾತಿನಲ್ಲಿ ನಮ್ಮದು ಒಂದು ಕೋಣೆಯ ಸಂಸಾರ. ನನಗೆ ಒಂಬತ್ತು ವರ್ಷ. ಈಚೆ ಅಪ್ಪ ಅಮ್ಮ, ಎಂದರೆ ನನ್ನ ಬಾಪ, ಉಮ್ಮ, ಮತ್ತು ನಾನು. ಪ್ಲೈವುಡ್ ಗೋಡೆಯ ಆಚೆ ಉಮ್ಮನ ಅಣ್ಣ, ನನ್ನ ಮಾಮ. ಕೆಳಗಿನ ಹೋಟೆಲುಗಳಿಂದ ಸುಟ್ಟ ಮಾಂಸದ, ಬೆಳ್ಳುಳ್ಳಿಯ ವಾಸನೆ ಮೇಲೆ ಬರುತ್ತಿತ್ತು. ಬಾಲ್ಕನಿಯ ಎಸಿ ಪೆಟ್ಟಿಗೆಯ ಮೇಲೆ ಪಾರಿವಾಳಗಳು ಕೂರುತ್ತಿದ್ದವು. ನನ್ನ ನೆನಪಿನಲ್ಲಿ ಅವುಗಳದು ಬೂದು ಬಣ್ಣ, ಕುತ್ತಿಗೆಗೆ ಹಸಿರು ಹೊಳಪು. ಎಲ್ಲ ಪಾರಿವಾಳಗಳೂ ಹಾಗೇ ಇರುತ್ತವೆ, ಆದ್ದರಿಂದ ಅದು ನಿಜವಾಗಿ ನನ್ನ ನೆನಪೇ ಎಂದು ಹೇಳಲಾರೆ. ರಕ್ತದ ನೆನಪು ಮಾತ್ರ ನನ್ನದೇ.

ಆ ಚಳಿಗಾಲ ಬಾಪನ ಮುಖ ವಾಲಿತು. ಬೆಳಿಗ್ಗೆ ಎದ್ದು ನೋಡಿದರೆ ಎಡಗಣ್ಣು ಮುಚ್ಚುತ್ತಿಲ್ಲ, ಕುಡಿದ ಚಹಾ ತುಟಿಯ ತುದಿಯಿಂದ ಸೋರುತ್ತಿದೆ. ಅವರು ಒಂದು ಕಂಪೆನಿಯ ವ್ಯಾನ್ ಓಡಿಸುತ್ತಿದ್ದರು. ಕಣ್ಣು ಮುಚ್ಚದ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ?

"ಲಕ್ವ ಹೊಡೆದವರಿಗೆ ಪಾರಿವಾಳದ ಸೂಪು," ಎಂದ ಮಾಮ. "ನಮ್ಮ ಅಜ್ಜನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಎಂತದು ಮತ್ತೆ?"

"ಅಜ್ಜ ಎದ್ದದ್ದು ಒಂದೇ ದಿನ. ಮತ್ತೆ ಮಲಗಿದವರು ಏಳ್ಲೇ ಇಲ್ಲ," ಎಂದಳು ಉಮ್ಮ.

"ಎದ್ದದ್ದು ಹೌದಲ್ಲ?"

ಹಣ್ಣಿನ ಕ್ರೇಟನ್ನು ಕಡ್ಡಿಗೆ ಆನಿಸಿ, ಅಡಿಯಲ್ಲಿ ಕುಬ್ಬೂಸ್ ರೊಟ್ಟಿಯ ಚೂರು ಹಾಕಿ, ಹಕ್ಕಿ ಒಳಗೆ ಬಂದಾಗ ದಾರ ಎಳೆಯುವುದು ನನ್ನ ಕೆಲಸ. ಅಷ್ಟು ಒಳ್ಳೆಯ ಆಟ ಅದುವರೆಗೆ ನನಗೆ ಸಿಕ್ಕಿರಲಿಲ್ಲ. ಸಿಕ್ಕಿಬಿದ್ದ ಹಕ್ಕಿಯನ್ನು ಮಾಮ ಬಚ್ಚಲಿಗೆ ಒಯ್ದು, ರೆಕ್ಕೆಗಳನ್ನು ಕಾಲಡಿ ಮೆಟ್ಟಿ, ಬಿಸ್ಮಿ ಹೇಳಿ ಕತ್ತು ಕೊಯ್ಯುತ್ತಿದ್ದ. ಬಿಟ್ಟ ಕೂಡಲೇ ಅದು ಬಕೆಟ್ಟಿಗೆ, ಗೋಡೆಗೆ ಬಡಿದುಕೊಳ್ಳುತ್ತಾ ಸುತ್ತುತ್ತಿತ್ತು. ಬಿಳಿ ಟೈಲ್ಸಿನಿಂದ ರಕ್ತ ನನ್ನ ಶಾಲೆಯ ಸಾಕ್ಸಿಗೂ ಹಾರುತ್ತಿತ್ತು. ಅದು ಅಲುಗಾಡದೆ ಬಿದ್ದಾಗ ಮಾಮ "ಖಲಾಸ್" ಎನ್ನುತ್ತಿದ್ದ.

ಪುಕ್ಕ ಕೀಳುವವಳು ಉಮ್ಮ. ಬಿಸಿನೀರು ಹೊಯ್ದರೆ ಔಷಧಿಯ ಗುಣ ಹೋಗುತ್ತದೆ, ಒಣಗಿದ್ದ ಹಾಗೇ ಕೀಳಬೇಕು. ಮಾಮನ ಪ್ರಕಾರ ಅದು ನಮ್ಮ ಮನೆತನದ ಪದ್ಧತಿ. ಕಿಟಕಿಯಿಲ್ಲದ ಆ ಬಚ್ಚಲಿನಲ್ಲಿ ಬೂದಿಯಂಥ ಧೂಳು ಏಳುತ್ತಿತ್ತು. ಉಮ್ಮನ ತುಟಿಗೆ, ರೆಪ್ಪೆಗೆ ನವಿರು ಅಂಟಿಕೊಳ್ಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು, ಹಾರಿಬಂದ ಪುಕ್ಕ ನೆಲಕ್ಕೆ ಬೀಳದಂತೆ ಊದಿ ಊದಿ ಆಡುತ್ತಿದ್ದೆ. ಆಮೇಲೆ ಕರಿಮೆಣಸು, ಶುಂಠಿ, ಕುಕ್ಕರಿನ ಸೀಟಿ.

ಬಾಪನ ಮುಖ ಮೆಲ್ಲಗೆ ನೇರವಾಯಿತು. ಅಂಥದ್ದು ತಾನಾಗಿಯೇ ಸರಿಯಾಗುವುದುಂಟು ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಆಗಿನ ಮಟ್ಟಿಗೆ ಗೆದ್ದವನು ಮಾಮ.

ಅಷ್ಟರಲ್ಲಿ ಉಮ್ಮನಿಗೆ ಜ್ವರ ಹಿಡಿಯಿತು. ತಲೆ ಸಿಡಿಯುತ್ತಿದೆ ಎಂದು ಶಾಲನ್ನು ಹಣೆಗೆ ಬಿಗಿದಳು. ಒಣಕೆಮ್ಮು ಬಿಡಲಿಲ್ಲ. ಕ್ಲಿನಿಕ್ಕಿನ ಮಾತ್ರೆ ನಾಟಲಿಲ್ಲ.

"ಇವಳಿಗೂ ನಿಶ್ಶಕ್ತಿ. ಎರಡು ಹಕ್ಕಿ ಹಿಡಿಯುವ," ಎಂದ ಮಾಮ.

ತನ್ನ ಸೂಪಿನ ಹಕ್ಕಿಯ ಪುಕ್ಕವನ್ನೂ ಉಮ್ಮನೇ ಕಿತ್ತಳು, ಕೆಮ್ಮುತ್ತಾ, ಗೋಡೆಗೆ ತಲೆ ಆನಿಸಿ.

ಕೊನೆಗೆ ಆಸ್ಪತ್ರೆ. ಡಾಕ್ಟರಮ್ಮ ಮಂಗಳೂರು ಕಡೆಯವರು. ವಾರ್ಡಿನ ಹೊರಗೆ ಬಂದು ಕೇಳಿದರು:

"ಮನೆಯಲ್ಲಿ ಹಕ್ಕಿ ಸಾಕಿದ್ದೀರಾ? ಗಿಳಿ, ಲವ್‌ಬರ್ಡ್ಸ್, ಎಂತದಾದ್ರೂ?"

"ಇಲ್ಲ ಡಾಕ್ಟ್ರೇ. ನಮಗೇ ಕಾಲು ಚಾಚ್ಲಿಕ್ಕೆ ಜಾಗ ಇಲ್ಲ," ಎಂದ ಮಾಮ.

ಬಾಪ ನೆಲ ನೋಡಿದರು. ಹಕ್ಕಿ ಹಿಡಿದರೆ ಪೊಲೀಸು, ದಂಡ ಎಂದು ಕಟ್ಟಡದ ವಾಚ್‌ಮನ್ ಹೆದರಿಸಿದ್ದ.

"ಕ್ಲಮೈಡಿಯಾ ಅಂತ ಒಂದು ಬ್ಯಾಕ್ಟೀರಿಯಾ ಉಂಟು. ನನಗೆ ಅದರ ಅನುಮಾನ ಇತ್ತು. ಹಕ್ಕಿ ಇಲ್ಲ ಅಂದ್ರೆ ಬೇರೆ ಕಾರಣ ಹುಡುಕ್ಬೇಕು. ಕೊಟ್ಟ ಮದ್ದು ಹಿಡೀತಾ ಇಲ್ಲ, ಉಸಿರು ಕಮ್ಮಿ ಆಗ್ತಾ ಉಂಟು," ಎಂದು ಅವರು ಒಳಗೆ ಹೋದರು.

ಮಾಮ ಆ ಹೆಸರನ್ನು ಫೋನಿನಲ್ಲಿ ಹುಡುಕಿದ. ಮೊದಲು ಸಿಕ್ಕಿದ್ದು ಅದೇ ಕುಲದ ಇನ್ನೊಂದು ರೋಗ, ಗಂಡು ಹೆಣ್ಣು ಕೂಡುವುದರಿಂದ ಅಂಟುವಂಥದ್ದು. ಓದಿ ಎದ್ದುನಿಂತ.

"ಯಾವಳ ಹತ್ತಿರ ಹೋಗಿದ್ದೆ ನೀನು? ಎಲ್ಲಿಂದಲೋ ತಂದು ನನ್ನ ತಂಗಿಗೆ ಕೊಟ್ಟೆಯಲ್ಲ, ನಾಯಿ!"

ಮೊದಲ ಏಟು ಆಗಷ್ಟೇ ನೇರವಾಗಿದ್ದ ಕೆನ್ನೆಗೆ ಬಿತ್ತು. ಬಾಪನ ತಲೆ ಕುಡಿಯುವ ನೀರಿನ ಯಂತ್ರಕ್ಕೆ ಬಡಿದು ಹುಬ್ಬು ಒಡೆಯಿತು. ಬಿದ್ದವರ ಪಕ್ಕೆಗೆ ಮಾಮ ಒದ್ದ. ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ. ಆ ಸದ್ದು ರೆಕ್ಕೆ ಬಕೆಟ್ಟಿಗೆ ಬಡಿದಂತಿತ್ತು ಎಂದು ಬರೆಯಲು ಕೈ ಓಡುತ್ತದೆ. ಹಾಗಿರಲಿಲ್ಲ. ಹಸಿ ಸದ್ದು, ನಡುವೆ ಹಲ್ಲಿನ ಸದ್ದು.

"ಹಕ್ಕಿ ಉಂಟು!" ಎಂದು ನಾನು ಕಿರುಚಿದೆ. "ಸಾಕಿದ್ದಲ್ಲ, ಸೂಪಿಗೆ ಕೊಂದದ್ದು! ಪಾರಿವಾಳ! ಉಮ್ಮ ಪುಕ್ಕ ಕಿತ್ತದ್ದು!"

ಗಲಾಟೆಗೆ ಬಾಗಿಲಿಗೆ ಬಂದಿದ್ದ ಡಾಕ್ಟರಮ್ಮ ಅಷ್ಟು ಕೇಳಿದ್ದೇ ತಿರುಗಿ ನರ್ಸಿಗೆ ಬೇರೆ ಮದ್ದಿನ ಹೆಸರು ಕೂಗಿದರು. ಕಾವಲಿನವರು ಮಾಮನನ್ನು ಎಳೆದು ಹಿಡಿದಿದ್ದರು. ಡಾಕ್ಟರಮ್ಮ ಮರಳಿ ಬಂದು ಅವನ ಎದುರು ನಿಂತರು.

"ಕ್ಲಮೈಡಿಯಾ ಅಂದ್ರೆ ದೊಡ್ಡ ಸಂಸಾರ ಮಾರಾಯ್ರೇ. ಕಣ್ಣು ಕುರುಡು ಮಾಡುವುದೂ ಅದರಲ್ಲಿ ಉಂಟು, ನೀವು ಗ್ರಹಿಸಿದ್ದೂ ಉಂಟು. ಇದು ಹಕ್ಕಿಯದ್ದು. ಪುಕ್ಕದ, ಹಿಕ್ಕೆಯ ಧೂಳಿನಲ್ಲಿ ಇರ್ತದೆ, ಉಸಿರಲ್ಲಿ ಒಳಗೆ ಹೋಗ್ತದೆ. ಸೂಪು ಕುದಿಸಿದ್ದಲ್ವಾ, ಅದು ಕುಡಿದ್ರೆ ಎಂತ ಆಗುದಿಲ್ಲ."

ಮಾಮ ತನ್ನ ಕೈ ನೋಡಿಕೊಂಡ. ಅವನ ಗೆಣ್ಣುಗಳ ಚರ್ಮ ಸುಲಿದಿತ್ತು.

ಉಮ್ಮ ಉಳಿದಳು. ಅವಳು ಮನೆಗೆ ಬರುವ ಮೊದಲೇ ಮಾಮ ಚಾಪೆ ಸುತ್ತಿಕೊಂಡು ಅಬುಧಾಬಿಯ ಬನಿಯಾಸಿಗೆ ಹೋದ. ಈಗ ಉಮ್ಮ ಹೇಳುವ ಕತೆಯಲ್ಲಿ ಹೊಡೆತವೇ ಇಲ್ಲ: "ಗಂಡಸರಿಗೆ ಸಣ್ಣ ಮಾತು ಬಂತು, ಅಷ್ಟೇ." ಬಾಪ ಯಾವ ಕತೆಯನ್ನೂ ಹೇಳುವುದಿಲ್ಲ.

ಕಳೆದ ವರ್ಷ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಮಾಮ ಎದುರಾದ. ಗಡ್ಡ ಬೆಳ್ಳಗಾಗಿತ್ತು.

"ಕುಂಞಿ ಹೇಗಿದ್ದಾಳೆ ಮಗಳೇ?"

"ಉಮ್ಮ ಉಷಾರಿದ್ದಾಳೆ ಮಾಮ. ನಿಮ್ಮನ್ನು ಕೇಳ್ತಾ ಇರ್ತಾಳೆ."

ಅವನು ನನ್ನ ಮುಂಗೈ ಹಿಡಿದ. "ಆ ದಿನ ಮೊದಲು ಕೈ ಎತ್ತಿದ್ದು ನಿನ್ನ ಬಾಪ, ಅಲ್ವಾ? ನೀನು ಅಲ್ಲೇ ಇದ್ದಿ."

ಹೌದು ಎಂದರೆ ಅವನು ನನ್ನೊಡನೆ ಮನೆಗೆ ಬರುತ್ತಿದ್ದ. ಅದು ನನಗೆ ಗೊತ್ತಿತ್ತು.

"ಅಲ್ಲ ಮಾಮ. ಬಾಪನ ಎರಡೂ ಕೈಯಲ್ಲಿ ಉಮ್ಮನ ಚಪ್ಪಲಿ ಇತ್ತು. ಬಿದ್ದಾಗಲೂ ಬಿಟ್ಟಿರಲಿಲ್ಲ."

ಅವನು ನನ್ನ ಕೈ ಬಿಟ್ಟ. ಕೆಂಪು ಸಿಗ್ನಲ್ ಇರುವಾಗಲೇ ರಸ್ತೆಗಿಳಿದ; ಒಂದು ಟ್ಯಾಕ್ಸಿ ಹಾರನ್ ಹೊಡೆಯಿತು. ಉಮ್ಮನನ್ನು ಕುಂಞಿ ಎಂದು ಕರೆಯುವವರಲ್ಲಿ ಅವನೊಬ್ಬನೇ ಉಳಿದಿರುವುದು. ಅವನು ಸಿಕ್ಕಿದ್ದನೆಂದು ನಾನು ಅವಳಿಗೆ ಇನ್ನೂ ಹೇಳಿಲ್ಲ.