ಕೇಳಿಸದ ಸದ್ದು ಹುಡುಕಿದ ಮೇಸ್ತ್ರಿ

ಅವರ ಸ್ಕ್ರೂಡ್ರೈವರಿನ ಮರದ ಹಿಡಿಯ ಮೇಲೆ ಹಲ್ಲಿನ ಗುರುತುಗಳಿದ್ದವು. ಒಂದೆರಡಲ್ಲ, ಶಾಲೆ ಮಕ್ಕಳು ಕಚ್ಚಿ ಹಾಳು ಮಾಡಿದ ಪೆನ್ಸಿಲಿನ ಹಾಗೆ ಸುತ್ತಲೂ. ಮೊಳದುದ್ದದ ಆ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಆನಿಸಿ, ಹಿಡಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕೂತರೆ ನಮ್ಮ ಮೇಸ್ತ್ರಿಗಳು ಜಪಕ್ಕೆ ಕೂತವರಂತೆ ಕಾಣುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಹಿಂದಿನ ಬೇರಿಂಗು. ಇನ್ನೊಂದು ತಿಂಗಳು ಬರುತ್ತೆ, ಅಷ್ಟೆ" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಿಂದಿನ ಬೇರಿಂಗೇ ಆಗಿರುತ್ತಿತ್ತು.

ಎರಡು ಬಾಗಿಲಿನ, ಪ್ಲಾಸ್ಟಿಕ್ ಮೈಯ ಪುಟ್ಟ ಎಲೆಕ್ಟ್ರಿಕ್ ಕಾರುಗಳು ಬೆಂಗಳೂರಿನಲ್ಲಿ ಅಲ್ಲೊಂದು ಇಲ್ಲೊಂದು ಓಡಾಡುತ್ತಿದ್ದ ಕಾಲ ಅದು. ವಿಜಯನಗರದ ಕಡೆ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಆ ಕಾರುಗಳ ರಿಪೇರಿ ನಡೆಯುತ್ತಿತ್ತು. ನಾನು ಅಲ್ಲಿಗೆ ಟ್ರೈನಿ ಇಂಜಿನಿಯರ್ ಆಗಿ ಸೇರಿದೆ. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಅಪ್ಪನದು ವಿಜಯನಗರದಲ್ಲಿ ಇಸ್ತ್ರಿ ಗಾಡಿ. ಬಿ.ಇ. ಮುಗಿಸಿದ್ದು ಹೇಗೆ ಎಂದು ಹೇಳಹೊರಟರೆ ಅದೇ ಒಂದು ಪುಸ್ತಕವಾಗುತ್ತದೆ. ಬಿಡಿ. ನನ್ನ ನೀಲಿ ಕೋಟಿಗೆ ಅಪ್ಪ ದಿನಾ ಬೆಳಿಗ್ಗೆ ಕೆಂಡದ ಪೆಟ್ಟಿಗೆಯಲ್ಲಿ ಗೆರೆ ಹಾಕಿಕೊಡುತ್ತಿದ್ದ. ಆ ಗೆರೆಯ ಜಂಬ ನನ್ನ ಮೈತುಂಬ ಇತ್ತು.

ಶೆಡ್ಡಿನಲ್ಲಿ ನಾನೊಬ್ಬಳೇ ಹೆಂಗಸು. ಹುಡುಗರು ತಮ್ಮ ತಮ್ಮಲ್ಲಿ ಮಗಾ, ಮಚ್ಚಾ ಎಂದು ಮಾತಾಡಿಕೊಳ್ಳುತ್ತಿದ್ದವರು ನಾನು ಬಂದರೆ ಸುಮ್ಮನಾಗುತ್ತಿದ್ದರು. ಊಟದ ಡಬ್ಬಿಯನ್ನು ಬ್ಯಾಟರಿ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಒಬ್ಬಳೇ ಬಿಚ್ಚುತ್ತಿದ್ದೆ. ಮೇಸ್ತ್ರಿಗಳೂ ಒಬ್ಬರೇ ಉಣ್ಣುತ್ತಿದ್ದರು, ಕಟ್ಟೆಯ ಇನ್ನೊಂದು ತುದಿಯಲ್ಲಿ.

ಅವರ ಒಂದು ಅಭ್ಯಾಸ ನನಗೆ ಸರಿಬರಲಿಲ್ಲ. ನಾನು ಮಾತಾಡಿದರೆ ಅವರು ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಅರುವತ್ತು ಸಮೀಪಿಸಿದ ಗಂಡಸು ಹುಡುಗಿಯ ತುಟಿಯನ್ನೇ ದಿಟ್ಟಿಸಿದರೆ ಏನೆಂದು ತಿಳಿಯಬೇಕು? ದುಪಟ್ಟಾ ಎಳೆದು ಬಾಯಿಗೆ ಅಡ್ಡ ಹಿಡಿದು ಮಾತಾಡತೊಡಗಿದೆ. ಆಗ ಇನ್ನೂ ಹತ್ತಿರ ಬಗ್ಗುತ್ತಿದ್ದರು. ಕೊನೆಗೆ ಮ್ಯಾನೇಜರಿಗೆ ಹೇಳಿದೆ. ಮ್ಯಾನೇಜರು ಅವರನ್ನು ಕರೆದು ಏನೋ ಅಂದರು. ಮಾರನೆಯ ದಿನದಿಂದ ಮೇಸ್ತ್ರಿಗಳು ನನ್ನ ಮುಖದ ಕಡೆ ತಿರುಗಲೇ ಇಲ್ಲ. ನಾನು ಏನು ಕೇಳಿದರೂ ನೆಲ ನೋಡಿಕೊಂಡು "ಹೂಂ" ಅನ್ನುತ್ತಿದ್ದರು. ಕೇಳಿದ್ದು ಒಂದಾದರೆ ಮಾಡುತ್ತಿದ್ದುದು ಇನ್ನೊಂದು. ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಹೀಗಿರುವಾಗ ಪಿಟೀಲು ಮೇಡಂ ತಮ್ಮ ಕಾರಿನ ದೂರು ತಂದರು. ಮಹಾಲಕ್ಷ್ಮಿ ಲೇಔಟಿನಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದ, ಒಬ್ಬರೇ ವಾಸವಿದ್ದ ಹೆಂಗಸು ಅವರು. ಆ ಕಾರಿನ ಬ್ಯಾಟರಿಗಳಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತಿತ್ತು. ಅದಕ್ಕೆಂದು ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಬರುತ್ತಿದ್ದರು.

"ಕೀಂ ಅಂತ ಒಂದು ಸದ್ದು ಬರ್ತಾ ಇದೆ ಕಣಮ್ಮ. ತುಂಬ ಸಣ್ಣಗೆ, ತುಂಬ ಮೇಲೆ. ತಂತಿ ಎಳೆದ ಹಾಗೆ. ನಿಮ್ಮಲ್ಲಿಗೆ ಬಂದು ಹೋದ್ಮೇಲೆ ಶುರುವಾಗುತ್ತೆ, ನಾಲ್ಕೈದು ದಿನಕ್ಕೆ ತಾನಾಗೇ ನಿಂತೋಗುತ್ತೆ."

ಮೇಸ್ತ್ರಿಗಳು ಕಾರನ್ನು ಕಾರ್ಡ್ ರೋಡಿಗೆ ಓಡಿಸಿಕೊಂಡು ಹೋಗಿ ಬಂದರು. ಏನೂ ಇಲ್ಲ. ನಾನೂ ಓಡಿಸಿದೆ. ಏನೂ ಇಲ್ಲ. ಮುಂದಿನ ಸಲ ಮೇಡಂ ಮತ್ತೆ ಅದನ್ನೇ ಹೇಳಿದರು. ಮತ್ತೆ ಓಡಿಸಿದೆವು, ಮತ್ತೆ ಏನೂ ಇಲ್ಲ. ನನಗೆ ಓದಿದ್ದು ನೆನಪಿತ್ತು. ಮೋಟಾರಿಗೆ ಕರೆಂಟನ್ನು ತುಂಡು ತುಂಡಾಗಿ ಕಳಿಸುವ ಕಂಟ್ರೋಲರ್ ಎಂಬ ಪೆಟ್ಟಿಗೆ ಕೆಲವು ವೇಗದಲ್ಲಿ ಕೀರಲು ದನಿ ಮಾಡುವುದುಂಟು. ಅದನ್ನೇ ಬದಲಾಯಿಸಬೇಕು ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ. ಮೇಸ್ತ್ರಿಗಳು ಆ ಕಾಗದ ನೋಡಿ, "ಪೆಟ್ಟಿಗೆಗೆ ವಾರ ಗೊತ್ತಿರುತ್ತೇನಮ್ಮಾ ಇಂಜಿನಿಯರಮ್ಮ? ಶುಕ್ರವಾರ ಶುರು ಮಾಡಿ ಮಂಗಳವಾರ ನಿಲ್ಸೋಕೆ?" ಎಂದರು. ಹುಡುಗರು ನಕ್ಕರು. ನನಗೆ ಉರಿಯಿತು.

ಮೂರನೆಯ ಸಲ ಮೇಸ್ತ್ರಿಗಳು ಕೆಲಸದ ಚೀಟಿಯಲ್ಲಿ "ಸದ್ದು ಇಲ್ಲ" ಎಂದು ಬರೆದು ರುಜು ಹಾಕಿದರು. ಮೇಡಮ್ಮಿಗೆ ನಯವಾಗಿಯೇ, "ಒಂದ್ಸಲ ಕಿವಿ ಡಾಕ್ಟ್ರಿಗೆ ತೋರ್ಸಿ ಮೇಡಂ, ತಪ್ಪು ತಿಳ್ಕೋಬೇಡಿ" ಎಂದರು. ಮೇಡಮ್ಮಿನ ಮುಖ ಸಣ್ಣದಾಯಿತು.

ನಾಲ್ಕನೆಯ ಶುಕ್ರವಾರ, ಕೆಲಸವೆಲ್ಲ ಮುಗಿದು ಕಾರು ಕೈಗೆ ಬಂದಾಗ, ಅವರು ಜಗಳವಾಡಲಿಲ್ಲ. "ನನ್ನ ಜೊತೆ ಮನೆ ತನಕ ಬನ್ನಿ. ಇಬ್ಬರೂ ಬನ್ನಿ. ಅಷ್ಟು ಮಾಡಿ ಸಾಕು" ಎಂದರು. ಮೇಸ್ತ್ರಿಗಳು ಓಡಿಸಿದರು, ಮೇಡಂ ಪಕ್ಕದಲ್ಲಿ, ಮಕ್ಕಳಿಗೆಂದೇ ಮಾಡಿದ ಹಿಂದಿನ ಸೀಟಿನಲ್ಲಿ ನಾನು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು. ಕಾರ್ಡ್ ರೋಡಿನಲ್ಲಿ ವೇಗ ನಲವತ್ತು ದಾಟಿತು. ಸದ್ದು ಬಂತು. ಸೊಳ್ಳೆಯೊಂದು ಕಿವಿಯೊಳಗೇ ಹಾಡಿದಂತೆ, ತೆಳ್ಳಗೆ, ಕೊರೆಯುವಂತೆ. ನನ್ನ ಹಲ್ಲು ಜುಮ್ಮೆಂದವು.

"ಈಗ ಬರ್ತಾ ಇದೆ ನೋಡಿ" ಎಂದರು ಮೇಡಂ.

ಮೇಸ್ತ್ರಿಗಳು ರಸ್ತೆ ನೋಡುತ್ತ ಓಡಿಸುತ್ತಲೇ ಇದ್ದರು. ಸಿಗ್ನಲಿನಲ್ಲಿ ಕಾರು ನಿಂತಿತು, ಸದ್ದೂ ನಿಂತಿತು. ಆಗ ಅವರು ಮೇಡಂ ಕಡೆ ತಿರುಗಿ, "ಹೂಂ, ಇದೇನಾ?" ಎಂದರು.

ಹೊರಗೆ ಬಸ್ಸಿನ ಗದ್ದಲ ಬಿಟ್ಟರೆ ಕಾರಿನೊಳಗೆ ಏನೂ ಇರಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಣ್ಣನ್ನು ಸಂಧಿಸಿತು. ನನಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ತುಟಿ ನೋಡುತ್ತಿದ್ದದ್ದು ಏಕೆ, ನನ್ನ ದೂರಿನ ನಂತರ ಹೇಳಿದ್ದೆಲ್ಲ ತಪ್ಪುತ್ತಿದ್ದದ್ದು ಏಕೆ.

ಮೇಡಂ ಏನನ್ನೂ ಗಮನಿಸಿರಲಿಲ್ಲ. "ಡಾಕ್ಟ್ರು ಕಿವಿ ಸರಿಯಾಗೇ ಇದೆ ಅಂದ್ರು. ಹಾಗಾದ್ರೆ ತಲೇಲೇ ಏನೋ ಆಗಿರಬೇಕು ಅನ್ನಿಸ್ತು. ಮಕ್ಕಳ ಪಿಟೀಲಿಗೆ ಶ್ರುತಿ ಮಾಡಿಕೊಡೋಕೇ ಧೈರ್ಯ ಬರ್ತಿಲ್ಲ. ಒಂದು ವಾರದಿಂದ ಪಾಠ ನಿಲ್ಲಿಸಿದ್ದೀನಿ" ಎಂದರು. ಸಿಗ್ನಲಿನಲ್ಲಿ ಅವರ ಮುಖವನ್ನೇ ನೋಡುತ್ತಿದ್ದ ಮೇಸ್ತ್ರಿಗಳು ಅದಷ್ಟನ್ನೂ ಓದಿಕೊಂಡರು.

ಮೇಡಮ್ಮನ್ನು ಮನೆಗೆ ಬಿಟ್ಟು, ಕಾರನ್ನು ಎರಡು ದಿನಕ್ಕೆ ಕೇಳಿ ಪಡೆದು, ಬೀದಿಯ ಕೊನೆಯಲ್ಲಿ ನಿಲ್ಲಿಸಿದೆವು. ಮೇಸ್ತ್ರಿಗಳೇ ಮಾತು ತೆಗೆದರು.

"ಇಪ್ಪತ್ತೆರಡು ವರ್ಷ ನೂಲಿನ ಮಿಲ್ಲಲ್ಲಿ ಫಿಟ್ಟರ್ ಆಗಿದ್ದೆ ಕಣಮ್ಮ. ಮೊದಲು ಹೋಗಿದ್ದು ಹಕ್ಕಿ ಸದ್ದು. ಮರದಲ್ಲಿ ಕೂತಿರೋದು ಕಾಣುತ್ತೆ, ಕೊಕ್ಕು ತೆಗೆದು ಮುಚ್ತಾ ಇರುತ್ತೆ, ಅಷ್ಟೆ. ಆಮೇಲೆ ನನ್ನ ಹೆಂಡ್ತಿ ದನಿ ಹೋಯ್ತು. ದಪ್ಪ ಸದ್ದು ಕೇಳುತ್ತೆ, ಗಂಡಸ್ರ ಮಾತು ಕೇಳುತ್ತೆ. ಹೆಂಗಸ್ರದ್ದು ತುಟಿ ನೋಡ್ಲೇಬೇಕು."

ನಾನು ತಲೆ ಎತ್ತಲಾಗದೆ ಕೂತಿದ್ದೆ.

"ಮ್ಯಾನೇಜರಿಗೆ ಗೊತ್ತಾದ್ರೆ ನಾಳೆಯಿಂದ ಬರಬೇಡ ಅಂತಾರೆ. ಕಿವಿ ಇಲ್ದೋನ ಕೈಗೆ ಯಾರು ಗಾಡಿ ಕೊಡ್ತಾರೆ? ನೀನು ಹೇಳಬೇಡ. ಸದ್ದು ಏನು ಅಂತ ನಾನು ಹುಡುಕ್ತೀನಿ. ನಿಂಗೆ ಕೇಳ್ಸಿದಾಗ ಕೈ ಎತ್ತು, ನಿಂತಾಗ ಇಳ್ಸು."

ಎರಡು ದಿನ ಹಾಗೆಯೇ ಮಾಡಿದೆವು. ನಾನು ಪಕ್ಕದ ಸೀಟಿನಲ್ಲಿ ಕೂತು ಕೈ ಎತ್ತುವುದು, ಇಳಿಸುವುದು. ನೋಡಿದವರು ಸರ್ಕಸ್ ಅಂದುಕೊಂಡಿರಬೇಕು. ಅವರು ಮೋಟಾರಿಗೆ ಕರೆಂಟು ನಿಲ್ಲಿಸಿ ಕಾರನ್ನು ಇಳಿಜಾರಿನಲ್ಲಿ ಜಾರಿಸಿದರು, ನನ್ನ ಕೈ ಎತ್ತಿಯೇ ಇತ್ತು. "ಹಾಗಾದ್ರೆ ನಿನ್ನ ಪೆಟ್ಟಿಗೆ ಅಲ್ಲ" ಎಂದರು. ಬ್ರೇಕ್ ಅಲ್ಲ, ಚಕ್ರ ಅಲ್ಲ. ಬಸ್ಸಿನ ಹಿಂದೆ ಹತ್ತಿರದಲ್ಲಿ ಹೋದರೆ ಸದ್ದು ಇಲ್ಲ, ಬಯಲಿಗೆ ಬಂದರೆ ಇದೆ. "ಗಾಳಿ" ಎಂದರು. ಬಯಲಿನ ಗಾಳಿ ಇದೆ, ವೇಗ ಇದೆ, ಸದ್ದೂ ಇದೆ. ಹಾಗಾದರೆ ಶೆಡ್ಡಿನಿಂದ ಅದೇ ರಸ್ತೆಯಲ್ಲಿ ಓಡಿಸಿದಾಗ ಏಕಿರಲಿಲ್ಲ?

"ಸದ್ದು ಇದ್ದಾಗ ಏನಿದೆ ಅಂತ ಎಲ್ರೂ ನೋಡ್ತಾರೆ" ಎಂದು ಅವರು ಕಾರಿನ ಸುತ್ತ ನಡೆಯತೊಡಗಿದರು. "ಸದ್ದು ಇಲ್ದಾಗ ಏನಿರ್ಲಿಲ್ಲ, ಅದನ್ನ ನೋಡ್ಬೇಕು."

ಮುಂದಿನ ನಂಬರ್ ಪ್ಲೇಟಿನ ಎದುರು ಬಂದು ನಿಂತುಬಿಟ್ಟರು.

ಅಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿತ್ತು. ರಿಪೇರಿ ಮುಗಿದ ಪ್ರತಿ ಕಾರಿಗೂ ದೃಷ್ಟಿಗೆಂದು ಹೊಸದನ್ನು ಕಟ್ಟಿ ಕಳಿಸುವುದು ಮೇಸ್ತ್ರಿಗಳ ಪದ್ಧತಿ. ಕಾರು ಶೆಡ್ಡಿಗೆ ಬಂದ ಕೂಡಲೇ ಮೊದಲ ಕೆಲಸ ಒಣಗಿದ್ದನ್ನು ಕತ್ತರಿಸಿ ಎಸೆಯುವುದು. ಓಡಿಸಿ ನೋಡಿ, ಎಲ್ಲ ಸರಿ ಎಂದ ಮೇಲೆ ಹೊಸದನ್ನು ಕಟ್ಟುವುದು. ಮೊದಲು ದಾರದಲ್ಲಿ ಕಟ್ಟುತ್ತಿದ್ದರು. ಮಳೆಗೆ ದಾರ ಕಿತ್ತುಬರುತ್ತಿತ್ತು ಎಂದು ಮೋಟಾರ್ ಸುತ್ತಲು ತಂದ ತಾಮ್ರದ ತಂತಿಯಲ್ಲಿ ಬಿಗಿಯತೊಡಗಿದ್ದರು. ಬಂಪರಿನ ಎರಡು ತೂತುಗಳ ನಡುವೆ ಕೂದಲಿನಷ್ಟು ತೆಳ್ಳಗಿನ ತಂತಿ. ಹಸಿ ನಿಂಬೆಹಣ್ಣಿನ ಭಾರಕ್ಕೆ ಬಿಗಿಯಾಗಿರುತ್ತಿತ್ತು, ಹಣ್ಣು ಒಣಗಿದಂತೆ ಸಡಿಲವಾಗುತ್ತಿತ್ತು. ಪೆಟ್ರೋಲ್ ಕಾರಾಗಿದ್ದರೆ ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಈ ಮೌನದ ಕಾರಿನಲ್ಲಿ, ಟೊಳ್ಳು ಪ್ಲಾಸ್ಟಿಕ್ ಮೈಯಲ್ಲಿ, ಅದು ಹಾಡುತ್ತಿತ್ತು. ಮೇಡಂ ಮೊದಲ ದಿನವೇ ತಂತಿ ಅಂದಿದ್ದರು.

ಕಟರ್ ತೆಗೆದು ತಂತಿ ಕತ್ತರಿಸಿದರು. ಕಾರ್ಡ್ ರೋಡಿನ ಉದ್ದಕ್ಕೂ ಹೋಗಿಬಂದೆವು. ನನ್ನ ಕೈ ಒಮ್ಮೆಯೂ ಮೇಲೇಳಲಿಲ್ಲ.

"ರಸ್ತೇಲಿ ಯಾವುದೋ ತಂತಿ ಸಿಕ್ಕಾಕ್ಕೊಂಡಿತ್ತು ಅಂತ ಬರೀತೀನಿ" ಎಂದೆ. ಈ ಸಲ ಅವರ ಕಡೆ ಮುಖ ಮಾಡಿ, ನಿಧಾನವಾಗಿ ಹೇಳಿದೆ.

ಅವರು ತಲೆಯಾಡಿಸಿದರು. "ಬೇಡ. ಕಿವಿ ಹೋಗೋದು ಅಂದ್ರೆ ಏನು ಅಂತ ನಂಗೊತ್ತು. ಚೆನ್ನಾಗಿರೋ ಕಿವಿ ಕೆಟ್ಟಿದೆ ಅಂತ ಆಯಮ್ಮನ ತಲೆಗೆ ಹಾಕ್ಬಿಟ್ಟೆ. ಪಾಠ ನಿಲ್ಸಿದ್ದಾರಂತೆ. ಅವ್ರ ಕಿವಿ ಅವ್ರಿಗೆ ವಾಪಸ್ ಕೊಡಬೇಕಾದ್ರೆ, ನಂದು ಇಲ್ಲ ಅಂತ ಹೇಳ್ಲೇಬೇಕು."

ಮೇಡಮ್ಮನ್ನು ಕರೆಸಿ, ಮ್ಯಾನೇಜರ ಕೋಣೆಯಲ್ಲಿ ನಿಂತು ಅವರು ಹೇಳಿಬಿಟ್ಟರು. "ನಾನೇ ಕಟ್ಟಿದ ತಂತಿ ಸಾರ್. ಅವತ್ತು ಈ ಮೇಡಂ ಜೊತೆ ಗಾಡಿ ಓಡ್ಸಿದಾಗ ಸದ್ದು ಇತ್ತು. ನಂಗೆ ಕೇಳ್ಸಲಿಲ್ಲ. ನಂಗೆ ಅಂಥ ಸದ್ದು ಕೇಳ್ಸಲ್ಲ. ಮೇಡಂ ಕಿವಿ ನಮ್ಮೆಲ್ರಿಗಿಂತ ಸರಿಯಾಗಿದೆ."

ಮೇಡಂ ಕಣ್ಣೊರೆಸಿಕೊಂಡು ಕೈ ಮುಗಿದರು. ಮ್ಯಾನೇಜರು ನನ್ನ ಕಡೆ ತಿರುಗಿ, "ನಿಮಗೆ ಇವರ ವಿಷಯ ಗೊತ್ತಿತ್ತೇನ್ರೀ?" ಎಂದರು.

ಆ ತಿಂಗಳು ನನ್ನ ಕೆಲಸ ಖಾಯಂ ಆಗಬೇಕಿತ್ತು. ನನ್ನ ಕೋಟಿನ ಗೆರೆ ನೋಡಿಕೊಂಡು, "ಇಲ್ಲ ಸಾರ್" ಎಂದೆ. ಹುಡುಕಿದ್ದು ಅವರೇ ಎನ್ನಬಹುದಿತ್ತು. ಕಿವಿಯಿಲ್ಲದೆ ಹುಡುಕಿದವರನ್ನು ಬಿಟ್ಟರೆ ಈ ಶೆಡ್ಡಿಗೆ ನಷ್ಟ ಎನ್ನಬಹುದಿತ್ತು. ಒಂದನ್ನೂ ಅನ್ನಲಿಲ್ಲ. ಮೇಸ್ತ್ರಿಗಳು ನನ್ನ ತುಟಿಯನ್ನು ನೋಡುತ್ತಿದ್ದರು.

ಅವರನ್ನು ಬ್ಯಾಟರಿಗೆ ನೀರು ಹಾಕುವ ಕೆಲಸಕ್ಕೆ ಹಾಕಿದರು. ತಿಂಗಳ ಕೊನೆಗೆ ಅದೂ ಬೇಡವೆಂದರು. ಹೋಗುವ ದಿನ ಆ ಸ್ಕ್ರೂಡ್ರೈವರನ್ನು ನನ್ನ ಮೇಜಿನ ಮೇಲಿಟ್ಟು, "ನಿಂಗೆ ಕಿವಿ ಇದೆ. ಆದ್ರೂ ಇಟ್ಕೋ" ಎಂದರು. ಕಟ್ಟೆಯ ಮೇಲೆ ನಾನೊಬ್ಬಳೇ ಉಳಿದೆ.

ಕೆಲವು ತಿಂಗಳ ನಂತರ ಹೊಸಹಳ್ಳಿಯ ಅವರ ಮನೆ ಹುಡುಕಿಕೊಂಡು ಹೋದೆ. ವಠಾರದ ಕೊನೆಯ ಮನೆ. ಮನೆ ಮನೆಗೂ ಹಕ್ಕಿಯ ಹಾಗೆ ಕೂಗುವ ಕರೆಗಂಟೆ ಬಂದಿದ್ದ ಕಾಲ. ಅವರ ಬಾಗಿಲ ಪಕ್ಕದಲ್ಲಿ ಮಾತ್ರ ಒಂದು ಹಗ್ಗ ಇಳಿಬಿದ್ದಿತ್ತು. ಎಳೆದೆ. ಒಳಗೆ, ಅವರ ಕುರ್ಚಿಯ ಎದುರಿಗೆ ಮೊಳೆಯ ಮೇಲೆ ಹಾಯಿಸಿದ ಅದೇ ಹಗ್ಗದ ತುದಿಗೆ ಕಟ್ಟಿದ್ದ ಕೆಂಪು ಟವೆಲ್ಲು ಅಲ್ಲಾಡಿದ್ದು ಕಿಟಕಿಯಿಂದ ಕಾಣಿಸಿತು. ಅದನ್ನು ಕಂಡು ಅವರು ಎದ್ದು ಬಂದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತಂತೆ. "ದಿನಕ್ಕೊಂದ್ಸಲ ಗಾಳಿಗೂ ಅಲ್ಲಾಡುತ್ತೆ. ಯಾರೋ ಬಂದ್ರು ಅಂತ ಎದ್ದು ನೋಡ್ತೀನಿ" ಎಂದು ನಕ್ಕರು.

ಕಾಫಿ ಮಾಡಿಕೊಟ್ಟರು. ಲೋಟ ಹಿಡಿದು, ತಲೆ ತಗ್ಗಿಸಿ, "ಅವತ್ತು ನಾನು ಸುಳ್ಳು ಹೇಳಿದೆ. ತಪ್ಪಾಯ್ತು" ಎಂದೆ.

"ಏನಂದೆ? ಮುಖ ಎತ್ತಿ ಹೇಳಮ್ಮ."

ಮುಖ ಎತ್ತಿದೆ. ಅವರ ಕಣ್ಣು ನನ್ನ ತುಟಿಯ ಮೇಲಿತ್ತು. "ಕಾಫಿ ಚೆನ್ನಾಗಿದೆ ಅಂದೆ" ಎಂದೆ.

ಆಮೇಲೂ ನಾಲ್ಕೈದು ಸಲ ಹೋಗಿದ್ದೆ. ಪ್ರತಿ ಸಲವೂ ಇವತ್ತು ಹೇಳಬೇಕು ಎಂದುಕೊಂಡೇ ಹೋಗುತ್ತಿದ್ದೆ. ನಾನು ಮುಂದೆ ಎರಡು ಕಡೆ ಕೆಲಸ ಬದಲಿಸಿದೆ, ನನ್ನ ಕೈಕೆಳಗೆ ಹತ್ತು ಜನ ಬಂದರು. ಸಿಗದ ದೋಷ ಎದುರಾದಾಗಲೆಲ್ಲ, ಅದು ಇಲ್ಲದಾಗ ಏನಿರಲಿಲ್ಲ ಎಂದೇ ಇವತ್ತಿಗೂ ಹುಡುಕುತ್ತೇನೆ. ಆ ಮಾತು ಯಾರದೆಂದು ಕೇಳಿದವರಿಗೆ ಹೇಳುತ್ತೇನೆ. ಮ್ಯಾನೇಜರ ಕೋಣೆಯ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಒಂದು ವರ್ಷ ಹೋಗಲಾಗಿರಲಿಲ್ಲ. ಹೋದಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಹೊರಗೆ ಬಂದು, "ಯುಗಾದಿ ಆದ್ಮೇಲೆ ಹೋಗ್ಬಿಟ್ರಲ್ಲಮ್ಮ. ನೀವು ಮಗಳಾ?" ಎಂದರು.

"ಅಲ್ಲ. ಜೊತೇಲಿ ಕೆಲಸ ಮಾಡ್ತಿದ್ದೆ."

"ಓ, ನೀವೇನಾ. ಬಾಡಿಗೆಗೆ ಇನ್ನೂ ಯಾರೂ ಬಂದಿಲ್ಲ, ಸಾಮಾನೆಲ್ಲ ಹಾಗೇ ಇದೆ" ಎಂದು ಒಳಗೆ ಹೋದರು.

ಹಗ್ಗ ಇನ್ನೂ ಇಳಿಬಿದ್ದಿತ್ತು. ಎಳೆದೆ. ಕಿಟಕಿಯ ಆಚೆ, ಖಾಲಿ ಕುರ್ಚಿಯ ಎದುರು, ಟವೆಲ್ಲು ಅಲ್ಲಾಡಿತು. ಅದು ನಿಲ್ಲುವವರೆಗೂ ಕಾದೆ. ಆಮೇಲೆ ಕಿಟಕಿಗೆ ಮುಖ ಮಾಡಿ, ತಲೆ ಎತ್ತಿ, ಒಂದೊಂದೇ ಅಕ್ಷರ ತುಟಿಯಲ್ಲಿ ಕಾಣುವಂತೆ, ಹೇಳಬೇಕಾಗಿದ್ದನ್ನು ಹೇಳಿದೆ.