ನನ್ನ ಮಗ ಕೇಳಿದ ಹೆಸರು

ಸತ್ತವರ ಸಂಗತಿ ಮಗುವಿನ ಬಾಯಲ್ಲಿ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಆದ್ದರಿಂದ ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಮಗನಿಗೆ ಹುಟ್ಟಿದ ವರ್ಷದಿಂದಲೇ ಕಿವಿ ಸೋರುವುದು, ನ್ಯುಮೋನಿಯಾ ತಪ್ಪಿದ್ದಿಲ್ಲ. ಅವನಿಗೆ ನಾಲ್ಕು ತುಂಬಿದಾಗ ಬೆಂಗಳೂರಿನಲ್ಲಿ ಕಾರಣ ಗೊತ್ತಾಯಿತು. ಒಂದು ಜೀನ್‌ನಲ್ಲಿ ಬದಲಾವಣೆ. ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಅವನ ಮೈಯಲ್ಲಿ ಹುಟ್ಟುವುದೇ ಇಲ್ಲ. ಪ್ರತಿ ತಿಂಗಳೂ ಅವನ್ನು ಹೊರಗಿನಿಂದ ಏರಿಸಬೇಕು. ಆ ಜೀನ್ ಬಂದದ್ದು ನನ್ನಿಂದ. ಹೆಣ್ಣಿನಲ್ಲಿ ಅಡಗಿದ್ದು ಗಂಡುಮಕ್ಕಳನ್ನು ಕಾಡುವಂಥದ್ದು.

ಅತ್ತೆ ಜಗಳವಾಡಲಿಲ್ಲ. “ನಮ್ಮ ವಂಸದಲ್ಲಿ ಇಂಥದ್ದು ಇರ್ನಿಲ್ಲ ಕಣವ್ವ,” ಎಂದರು, ಅಷ್ಟೇ. ಅಂದಿನಿಂದ ಅವರೆದುರು ತಲೆಯೆತ್ತಲು ನನ್ನಿಂದಾಗಲಿಲ್ಲ.

ತವರಿನ ಕಡೆ ಗಂಡುಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದಾರೆಯೇ ಎಂದು ಡಾಕ್ಟರು ಕೇಳಿದ್ದರು. ಸತ್ತೇಗಾಲದಲ್ಲಿದ್ದ ಅವ್ವನನ್ನು ಕೇಳಿದೆ. “ಯಾರೂ ಇಲ್ಲ,” ಎಂದಳು. ರಕ್ತಪರೀಕ್ಷೆಗೂ ಒಪ್ಪಲಿಲ್ಲ. ಹಾಗಾದರೆ ಈ ಕೆಡುಕು ನನ್ನಲ್ಲೇ ಶುರುವಾದದ್ದು ಎಂದುಕೊಂಡೆ.

ಬೇಸಿಗೆ ರಜೆಗೆ ಸತ್ತೇಗಾಲಕ್ಕೆ ಹೋಗಿದ್ದೆವು. ಒಂದು ಮಧ್ಯಾಹ್ನ ಅವ್ವ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೊಳ್ಳೇಗಾಲಕ್ಕೆ ಕೊಟ್ಟಿದ್ದ ನನ್ನ ತಂಗಿ ಆಗ ಬಸುರಿ, ಅವಳೂ ಬಂದಿದ್ದಳು. ಪಕ್ಕದಲ್ಲಿ ಆಡುತ್ತಿದ್ದ ಮಗ ತಲೆಯೆತ್ತಿ ಕೇಳಿದ:

“ಅಜ್ಜಿ, ಮಾದಪ್ಪ ಎಲ್ಲೋದ?”

“ಯಾವ ಮಾದಪ್ಪ, ಕಂದ?”

“ನೀನು ಸೊಂಟದ್ ಮೇಲೆ ಎತ್ಕಂಡ್ ತಿರುಗ್ತಿದ್ದಲ್ಲ, ಕಿವಿ ಸೋರ್ತಿತ್ತಲ್ಲ, ಅವ್ನು.”

ಅವ್ವನ ಕೈ ಮೊರದಲ್ಲೇ ನಿಂತುಹೋಯಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಯಾರು ಹೇಳಿದರೋ?” ಎಂದು ನಾನು ಕೇಳುವಷ್ಟರಲ್ಲಿ ಮಗ ಮತ್ತೆ ಆಟಕ್ಕೆ ತಿರುಗಿದ್ದ.

ಒಳಗೆ ಹೋದಮೇಲೆ ಅವ್ವ ಬಾಯಿಬಿಟ್ಟಳು. ಮಾದಪ್ಪ ಅವಳ ತಮ್ಮ, ಅವಳ ಸೊಂಟದ ಮೇಲೆಯೇ ಬೆಳೆದವನು. ಇಸ್ಕೂಲಿಗೆ ಸೇರುವ ಮೊದಲೇ ತೀರಿಕೊಂಡ. ಅವನಿಗಿಂತ ಮುಂಚೆ ಇನ್ನೊಬ್ಬ, ತೊಟ್ಟಿಲಲ್ಲೇ. “ಗಂಡು ಉಳಿಸ್ಕಳಕ್ಕಾಗ್ದೋಳು ಅಂತ ಊರೆಲ್ಲ ನಮ್ಮವ್ವನ್ನ ಆಡ್ಕಂಡ್ರು. ಆ ಮಾತು ನಿಮಗೂ ಬರ್ಬಾರ್ದು ಅಂತ ನಿಮ್ಮಪ್ಪಂಗೂ ಯೋಳ್ನಿಲ್ಲ,” ಎಂದು ನನ್ನೆದುರು ತಲೆ ತಗ್ಗಿಸಿದಳು. ನಾನು ಅತ್ತೆಯ ಮುಂದೆ ನಿಲ್ಲುತ್ತಿದ್ದುದೂ ಹೀಗೆಯೇ. ನನಗೆ ಅದನ್ನು ನೋಡಲಾಗಲಿಲ್ಲ.

ತಂಗಿಗೂ ಪರೀಕ್ಷೆ ಮಾಡಿಸಿದೆವು. ಅವಳಲ್ಲೂ ಅದೇ ಬದಲಾವಣೆಯಿತ್ತು, ಹುಟ್ಟಿದ ಗಂಡುಮಗುವಿಗೂ ಬಂದಿತ್ತು. ಕಾಯಿಲೆ ಕಾಣಿಸುವ ಮುಂಚೆಯೇ ಚಿಕಿತ್ಸೆ ಶುರುವಾದದ್ದರಿಂದ ಅವನು ಗಟ್ಟಿಯಾಗಿದ್ದಾನೆ.

ಮಾದಪ್ಪ ಎಂಬ ಹೆಸರು ನಮ್ಮ ಕಡೆ ಮನೆಗೊಂದಿದೆ, ಕಾಕತಾಳೀಯ ಇರಬಹುದು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿಕೊಂಡು ನೋಡಿದ್ದೇನೆ. ಜೀನ್ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ, ಹೆಸರು ಹಾಗೆ ಬರುವುದಿಲ್ಲ. ಮಗನಿಗೆ ಈಗ ಅದೊಂದೂ ನೆನಪಿಲ್ಲ.

ಮನೆತನದ ಈ ಸಂಗತಿ ಹೇಗೆ ಗೊತ್ತಾಯಿತು ಎಂದು ಡಾಕ್ಟರು ಕೇಳಿದಾಗ, “ಅವ್ವ ಹೇಳಿದಳು,” ಎಂದೆ. ಪಕ್ಕದಲ್ಲಿ ಕೂತಿದ್ದ ಅವ್ವ ಹೌದೆಂದು ತಲೆಯಾಡಿಸಿದಳು.